ನಲವತ್ತಮೂರು ಕುರ್ಚಿಗಳು

ಬೆಳಿಗ್ಗೆ ಎಂಟೂವರೆಗೆ ಕೊಡೆ ಕಾರ್ಖಾನೆಯ ತನಿಖಾ ವಿಭಾಗಕ್ಕೆ ಕಾಲಿಟ್ಟ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಎಲ್ಲಿ ನೋಡಿದರೂ ಕುರ್ಚಿಗಳು.

ನಾಲ್ಕು ವರ್ಷಗಳಿಂದ ಅವಳು ಇದೇ ಹಾಲ್‌ನಲ್ಲಿ ಕೊಡೆಗಳನ್ನು ಬಿಚ್ಚಿ, ಬೆಳಕಿಗೆ ಹಿಡಿದು, ತೂತು ಹುಡುಕಿ, ಮಡಚಿ, ಚೀಟಿ ಕಟ್ಟುತ್ತ ಬಂದಿದ್ದಳು. ಸೊಂಟದೆತ್ತರದ ಉದ್ದನೆಯ ಮೇಜುಗಳು, ಅವುಗಳ ಮುಂದೆ ನಿಂತ ನಲವತ್ತು ಹೆಂಗಸರು, ಅವರ ಎಂಬತ್ತು ಕಾಲುಗಳು: ಹಾಲ್‌ನಲ್ಲಿ ಇದ್ದದ್ದು ಇಷ್ಟೇ. ಕುರ್ಚಿ ಎಂಬ ವಸ್ತು ಇಡೀ ಕಾರ್ಖಾನೆಯಲ್ಲಿ ಎರಡು ಕಡೆ ಮಾತ್ರ ಇತ್ತು. ಒಂದು ಮ್ಯಾನೇಜರ್ ಕೋಣೆಯಲ್ಲಿ. ಇನ್ನೊಂದು ಕಾವಲುಗಾರನ ಗೂಡಿನಲ್ಲಿ, ಅದಕ್ಕೂ ಮೂರೇ ಕಾಲು.

"ಯಾರ್ದಾದ್ರೂ ಮದುವೆನೇನ್ರೇ ಇಲ್ಲಿ?" ಎಂದು ಬೆನ್ನ ಹಿಂದಿನಿಂದ ದನಿ ಬಂತು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದ ಗೆಳತಿ ಅವಳು. ಸೊಸೆಯ ಕಿವಿಗೆ ಬಾಯಿಟ್ಟು ಮುಂದುವರಿಸಿದಳು: "ಗೇಟಲ್ಲಿ ಟೆಂಪೋದವನು ಸಿಕ್ಕಿದ್ದ. ಎಲ್ಲಾ ಬಾಡಿಗೆ ಕುರ್ಚಿ ಕಣೇ. ಸಾಯಂಕಾಲ ಐದಕ್ಕೆ ವಾಪಸ್ ತುಂಬ್ಕೊಂಡು ಹೋಗ್ತಾನಂತೆ."

ಈ ಕುರ್ಚಿಗಳು ಯಾಕೆ ಬಂದಿವೆ ಎಂಬುದು ಆ ಹಾಲ್‌ನಲ್ಲಿ ಎಲ್ಲರಿಗಿಂತ ಮೊದಲು ಅರ್ಥವಾದದ್ದು ಸೊಸೆಗೇ. ಮೂರು ವಾರದ ಹಿಂದೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದು ಹಾಕಿದ್ದವಳು ಅವಳು.

ಆ ಅರ್ಜಿಗೆ ಕಾರಣ ಮನೆಯಲ್ಲಿತ್ತು. ಒಂದು ಭಾನುವಾರ ಬಚ್ಚಲುಮನೆಯೊಳಗಿಂದ ಅತ್ತೆಯ ಹಾಡು ಕೇಳಿಸಿತು. ಮೂವತ್ತೊಂದು ವರ್ಷದಿಂದ ಇದೇ ಹಾಲ್‌ನಲ್ಲಿ ದುಡಿಯುತ್ತಿದ್ದ ಅತ್ತೆ ಹಾಡುವ ಜಾತಿಯವರೇ ಅಲ್ಲ. ಅನುಮಾನ ಬಂದು ಸೊಸೆ ಬಾಗಿಲ ಸಂದಿಯಲ್ಲಿ ಇಣುಕಿದಳು. ಅತ್ತೆ ಬಿಸಿನೀರಿನ ಟಬ್ಬಿನಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ಮೊಣಕಾಲು ಹಲಸಿನಕಾಯಿಯಂತೆ ಊದಿತ್ತು. ನೋವು ಎದ್ದಾಗಲೆಲ್ಲ, ನರಳಿದ್ದು ಹೊರಗೆ ಕೇಳಬಾರದೆಂದು, ಹಾಡಿನ ದನಿ ಏರುತ್ತಿತ್ತು.

"ಅತ್ತೆ, ಕಾಲು ನೋವಾ?" ಎಂದು ಆಮೇಲೆ ಕೇಳಿದ್ದಕ್ಕೆ ಬಂದ ಉತ್ತರ: "ನನಗಾ? ಮೂವತ್ತೊಂದು ವರ್ಷ ನಿಂತೇ ದುಡಿದವಳು ನಾನು. ನೋವು ಗೀವು ಎಲ್ಲಾ ನಿಮ್ಮ ಕಾಲದ ಹುಡುಗೀರಿಗೆ."

ಅದಾದ ಮರುದಿನವೇ ಕಾರ್ಖಾನೆಯ ಗೇಟಿನ ಬಳಿ, ಮಳೆಕೋಟುಗಳು ನೇತಾಡುವ ಗೂಟದ ಹಿಂದೆ, ಸೊಸೆ ಒಂದು ಫಲಕ ಕಂಡಳು. ಕಾರ್ಮಿಕರ ಹಕ್ಕುಗಳನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂಬ ಕಾನೂನಿಗೆ ಕಾರ್ಖಾನೆ ತಪ್ಪದೆ ವಿಧೇಯವಾಗಿತ್ತು. ಅದರ ಮೇಲೆ ಕೋಟುಗಳನ್ನು ತೂಗುಹಾಕಬಾರದೆಂದು ಮಾತ್ರ ಯಾವ ಕಾನೂನೂ ಹೇಳಿರಲಿಲ್ಲ. ಹನ್ನೊಂದನೆಯ ಸಾಲು ಹೀಗಿತ್ತು: ನಿಂತು ಕೆಲಸ ಮಾಡುವವರು ಅವಕಾಶ ಸಿಕ್ಕಾಗ ಕುಳಿತು ದಣಿವಾರಿಸಿಕೊಳ್ಳಲು ಸೂಕ್ತ ಆಸನಗಳನ್ನು ಒದಗಿಸತಕ್ಕದ್ದು. ಸೊಸೆ ಅದನ್ನು ಎರಡು ಬಾರಿ ಓದಿದಳು. ಮನೆಗೆ ಹೋಗಿ ಕಾರ್ಬನ್ ಕಾಗದವಿಟ್ಟು ಅರ್ಜಿ ಬರೆದಳು. ಹೆಸರನ್ನು ಗುಟ್ಟಾಗಿಡಬೇಕೆಂದು ಕೊನೆಯಲ್ಲಿ ಕೋರಿದ್ದಳು. ಆ ಗುಟ್ಟು ಮುಖ್ಯವಾಗಿ ಅತ್ತೆಗೆ ತಿಳಿಯದಂತೆ ಉಳಿಯಬೇಕಿತ್ತು.

ಇವತ್ತು ಆ ಅರ್ಜಿಗೆ ಉತ್ತರ ಬರುವ ದಿನ. ಉತ್ತರಕ್ಕಿಂತ ಮೊದಲು ಕುರ್ಚಿ ಬಂದಿತ್ತು.

ಒಂಬತ್ತಕ್ಕೆ ಮ್ಯಾನೇಜರ್ ಬಂದರು. ಎಂಥ ಒರಟು ಮಾತನ್ನೂ ಜಾರುವಂತೆ ಆಡಬಲ್ಲವರಾದ್ದರಿಂದ ಹೆಂಗಸರು ಅವರಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದರು. ಹಾಲ್‌ನ ಮಧ್ಯೆ ನಿಂತು ಕೈಮುಗಿದರು.

"ಅಕ್ಕಂದಿರೇ, ತಂಗಿಯಂದಿರೇ. ಹತ್ತು ಗಂಟೆಗೆ ಕಾರ್ಮಿಕ ಇಲಾಖೆಯಿಂದ ಒಬ್ಬರು ಮೇಡಂ ಬರ್ತಾರೆ. ನಮ್ಮಲ್ಲಿ ಕೂರೋಕೆ ಜಾಗ ಇಲ್ಲ ಅಂತ ಯಾರೋ ಪುಣ್ಯಾತ್ಗಿತ್ತಿ ಅರ್ಜಿ ಹಾಕಿದಾಳೆ. ಕುರ್ಚಿ ಇದೆ ತಾನೇ? ಯಾವಾಗಿಂದ ಇದೆ? ಮೊದಲಿಂದಲೂ ಇದೆ. ಇವತ್ತಿನ ಪಾಠ ಇಷ್ಟೇ. ಕೇಳಿದ್ರೆ ಒಪ್ಪಿಸಿಬಿಡಿ."

"ಸಾರ್, ಮೊದಲು ನೀವೇ ಹೇಳ್ತಿದ್ರಲ್ಲ," ರೇಡಿಯೋ ತಡೆಯಲಾರದೆ ಕೇಳಿದಳು, "ಕೂತವರ ಕೈಯಲ್ಲಿ ಕೊಡೆ ಪೂರ್ತಿ ಅರಳಲ್ಲ ಅಂತ?"

"ಇವತ್ತೊಂದು ದಿನ ಅರಳುತ್ತಮ್ಮ," ಎಂದು ಬೆಣ್ಣೆ ನಕ್ಕರು. ಆಮೇಲೆ ನಗು ಹಾಗೇ ಇರಿಸಿಕೊಂಡು ದನಿ ಮಾತ್ರ ತಗ್ಗಿಸಿದರು. "ಅರ್ಜಿ ಸುಳ್ಳು ಅಂತ ಫೈಲು ಮುಚ್ಚಿದ ಮೇಲೆ, ಬರೆದವಳನ್ನ ಹುಡುಕೋಕೆ ನನಗೆ ಒಂದು ಟೀ ಕುಡಿಯೋಷ್ಟು ಹೊತ್ತು ಸಾಕು. ಆಮೇಲೆ ಅವಳು ಮನೇಲಿ ಬೇಕಾದಷ್ಟು ಕೂರಬಹುದು."

ಸೊಸೆ ಕೈಯಲ್ಲಿದ್ದ ಕೊಡೆಯನ್ನು ಎರಡು ಸಲ ಬಿಚ್ಚಿ ಎರಡು ಸಲ ಮುಚ್ಚಿದಳು. ಓರೆಗಣ್ಣಿನಿಂದ ಅತ್ತೆಯತ್ತ ನೋಡಿದಳು. ಸಾಲಿನ ಮೊದಲ ಮೇಜಿನಲ್ಲಿ, ಕುರ್ಚಿಯನ್ನು ಅರ್ಧ ಅಡಿ ಹಿಂದೆ ತಳ್ಳಿ, ಅತ್ತೆ ಎಂದಿನಂತೆ ನೆಟ್ಟಗೆ ನಿಂತೇ ಇದ್ದರು.

ಅತ್ತೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರ ತನಿಖೆ ಸಂಖ್ಯೆ ಒಂದು. ದಿನವೂ ಏಳು ಗಂಟೆಗೇ ಬಂದು ನಲವತ್ತು ರಬ್ಬರ್ ಮುದ್ರೆಗಳ ತಾರೀಖನ್ನು ತಿರುಗಿಸಿಡುವುದು ಅವರ ಜವಾಬ್ದಾರಿ. ಕೊಡೆ ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ಎರಡರ ಮೇಲೂ ಸಂಖ್ಯೆ ಮತ್ತು ತಾರೀಖು. ಚೀಟಿಯನ್ನು ಕಡ್ಡಿಗಳ ಒಳಗಡೆ, ಹೊರಗೆ ಕಾಣದಂತೆ, ದಾರದಿಂದ ಕಟ್ಟಬೇಕು. ಅತ್ತೆಯ ಗಂಟಿಗೆ ಎರಡು ಸುತ್ತು, ಒಂದು ಕುಣಿಕೆ. ಹಾಗೆ ಕಟ್ಟುವವರು ಕಾರ್ಖಾನೆಯಲ್ಲಿ ಇನ್ನೊಬ್ಬರಿಲ್ಲ.

ಈ ಅಭ್ಯಾಸ ಅವರ ಜೊತೆ ಮನೆಗೂ ಹೋಗಿತ್ತು. ಮನೆಯ ಗೋಡೆ ಗಡಿಯಾರಕ್ಕೆ ಹಸಿರು ಚೀಟಿ, ಪೊರಕೆಗೆ ಹಸಿರು ಚೀಟಿ, ಮಗ ತಂದ ಇಸ್ತ್ರಿ ಪೆಟ್ಟಿಗೆಗೆ ಕೆಂಪು ಚೀಟಿ. ಸೊಸೆ ಮದುವೆಯಾಗಿ ಬಂದ ದಿನ ಅವಳ ಟ್ರಂಕಿನ ಚಿಲಕ ಸಡಿಲವೆಂದು ಅದಕ್ಕೂ ಕೆಂಪು ಚೀಟಿ ಬಿದ್ದಿತ್ತು. "ನಿನಗೆ ಅಮ್ಮ ಇನ್ನೂ ಚೀಟಿ ಕಟ್ಟಿಲ್ಲ ಅಲ್ವಾ?" ಎಂದು ಗಂಡ ನಾಲ್ಕು ವರ್ಷದಿಂದ ರೇಗಿಸುತ್ತಿದ್ದ. ಅತ್ತೆಯ ಉತ್ತರ ಬದಲಾಗುತ್ತಿರಲಿಲ್ಲ: "ತನಿಖೆ ನಡೀತಿದೆ."

ಹತ್ತಕ್ಕೆ ಸರಿಯಾಗಿ ಅಧಿಕಾರಿಣಿ ಬಂದರು. ಹೊರಗೆ ತುಂತುರು ಮಳೆ. ಗಿಡ್ಡ ಆಳು, ದೊಡ್ಡ ಚೀಲ, ಕೈಯಲ್ಲೊಂದು ಕೊಡೆ. ಆ ಕೊಡೆಯ ಒಂದು ಕಡ್ಡಿ ಮುರಿದು, ಮುದುಡಿದ ರೆಕ್ಕೆಯಂತೆ ಜೋತುಬಿದ್ದಿತ್ತು. ಇಡೀ ಹಾಲ್ ಅಧಿಕಾರಿಣಿಯ ಮುಖ ನೋಡಿದರೆ ಅತ್ತೆ ಮಾತ್ರ ಆ ಕಡ್ಡಿಯನ್ನೇ ನೋಡಿದರು. ಅವರ ಬೆರಳುಗಳು ಕೆಂಪು ಚೀಟಿಯ ಕಟ್ಟಿನತ್ತ ಹೋಗಿ, ಪ್ರಯಾಸದಿಂದ ಹಿಂದಕ್ಕೆ ಬಂದವು.

ಅತ್ತೆಯೊಬ್ಬರ ಹೊರತು ಹೆಂಗಸರೆಲ್ಲ ಕುಳಿತಿದ್ದರು, ಫೋಟೋಗೆ ಕುಳಿತವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೈ ತೊಡೆಯ ಮೇಲಿಟ್ಟು.

ಅಧಿಕಾರಿಣಿ ಒಂದು ಕುರ್ಚಿಯ ಬೆನ್ನನ್ನು ತಡವಿದರು. ಸೊಸೆಯ ಎದೆಯಲ್ಲಿ ಆಸೆ ಮೂಡಿತು. ಬಾಡಿಗೆ ಅಂಗಡಿಯವರು ಅಲ್ಲೇ ತಮ್ಮ ಹೆಸರು ಬರೆಸುತ್ತಾರೆ. ಆದರೆ ಬೆಣ್ಣೆ ಆ ಹೆಸರನ್ನು ಉಪ್ಪುಕಾಗದದಿಂದ ಉಜ್ಜಿಸಿ, ಆ ಜಾಗಕ್ಕೆ ಒಂದೊಂದು ಟವೆಲ್ ಹೊದಿಸಿದ್ದರು. ಅಧಿಕಾರಿಣಿ ಬಗ್ಗಿ ನೆಲ ನೋಡಿದರು. ಹಳೆಯ ಕುರ್ಚಿಯಾದರೆ ಕಾಲು ಉಜ್ಜಿದ ಗೆರೆಗಳಿರಬೇಕು. ಗೆರೆಗಳಿದ್ದವು. ಬೆಳಿಗ್ಗೆ ಕಾವಲುಗಾರನಿಂದ ಹಾಲ್ ತುಂಬ ಕುರ್ಚಿ ಎಳೆಸಾಡಿಸಿದ್ದರು.

"ಈ ಕುರ್ಚಿಗಳು ಎಷ್ಟು ದಿನದಿಂದ ಇವೆ?" ಎಂದು ಅಧಿಕಾರಿಣಿ ರೇಡಿಯೋಳನ್ನು ಕೇಳಿದರು.

ರೇಡಿಯೋ ಬಾಯಿ ತೆರೆದಳು. ಮ್ಯಾನೇಜರ್ ಮುಖ ಕಂಡಳು. "ಮೊದ್ಲಿಂದ," ಎಂದಳು. ಒಂದೇ ಪದ. ಅವಳ ಜೀವಮಾನದಲ್ಲೇ ಅಷ್ಟು ಚಿಕ್ಕ ಮಾತು ಹೊರಬಿದ್ದಿರಲಿಲ್ಲ.

"ನಮ್ಮ ಹಿರಿಯರನ್ನೇ ಕೇಳಿ ಮೇಡಂ," ಎಂದು ಬೆಣ್ಣೆ ಮೊದಲ ಮೇಜಿನತ್ತ ಕೈ ತೋರಿದರು. "ಮೂವತ್ತೊಂದು ವರ್ಷದ ಸರ್ವಿಸು. ಒಂದು ದಿನ ಎದುರು ಮಾತಾಡಿದವರಲ್ಲ."

"ಹೇಳಿ ಅಮ್ಮಾ, ಇಲ್ಲಿ ಕುರ್ಚಿ ಇದೆಯಾ?"

"ಕಣ್ಣಿಗೆ ಕಾಣ್ತಿದೆಯಲ್ಲಮ್ಮ," ಎಂದರು ಅತ್ತೆ.

ಅಧಿಕಾರಿಣಿ ನಿಟ್ಟುಸಿರಿಟ್ಟು ಚೀಲದಿಂದ ಫೈಲು ತೆಗೆದರು. ಪೆನ್ನಿನ ಮುಚ್ಚಳ ಬಿಚ್ಚಿದರು. ಆ ಮುಚ್ಚಳದ ಸಣ್ಣ ಸದ್ದು ಸೊಸೆಯ ಕಿವಿಗೆ ಗೇಟು ಮುಚ್ಚಿದಂತೆ ಕೇಳಿಸಿತು. ಇನ್ನು ಒಂದು ಸಾಲು ಬರೆದರೆ ಮುಗಿಯಿತು. ಸಂಜೆ ಐದಕ್ಕೆ ಕುರ್ಚಿ ಹೋಗುತ್ತದೆ, ಅದರ ಹಿಂದೆಯೇ ತಾನೂ ಹೋಗಬೇಕು; ಅತ್ತೆ ಮಾತ್ರ ಇಲ್ಲೇ ನಿಂತಿರುತ್ತಾರೆ.

"ಬರೀಬೇಡಿ ಮೇಡಂ!"

ಸೊಸೆ ಎದ್ದು ನಿಂತಿದ್ದಳು.

"ಅರ್ಜಿ ಬರೆದೋಳು ನಾನೇ. ಇವು ಬಾಡಿಗೆ ಕುರ್ಚಿ. ಇವತ್ತು ಬೆಳಿಗ್ಗೆ ಬಂದಿದ್ದು, ಸಾಯಂಕಾಲ ಹೋಗ್ತವೆ."

ಅತ್ತೆ ನಿಧಾನವಾಗಿ ಕತ್ತು ತಿರುಗಿಸಿ ಸೊಸೆಯನ್ನು ನೋಡಿದರು. ಆ ನೋಟವನ್ನು ಎದುರಿಸುವುದಕ್ಕಿಂತ ಮ್ಯಾನೇಜರ್ ನೋಟವೇ ಸುಲಭವೆನಿಸಿ ಸೊಸೆ ಆ ಕಡೆ ತಿರುಗಿದಳು. ಬೆಣ್ಣೆ ಕರಗಿರಲಿಲ್ಲ.

"ಪಾಪ, ಹುಡುಗಿಗೆ ಏನೋ ಬೇಜಾರಾಗಿದೆ ಮೇಡಂ. ಇವಳ ಮಾತಿಗೆ ಸಾಕ್ಷಿ ಏನಿದೆ? ಇನ್ನೂ ಮೂವತ್ತೊಂಬತ್ತು ಜನ ಇದಾರೆ, ಕೇಳಿ."

ಅಧಿಕಾರಿಣಿ ಸುತ್ತ ನೋಡಿದರು. "ಬೇರೆ ಯಾರಾದರೂ ಏನಾದರೂ ಹೇಳ್ತೀರಾ?"

ಮೂವತ್ತೊಂಬತ್ತು ತಲೆಗಳು ಮೇಜಿನತ್ತ ಬಾಗಿದವು. ಅವರನ್ನು ದೂರುವಂತಿರಲಿಲ್ಲ. ಅವರವರ ಮನೆಯ ಒಲೆ ಅವರವರ ಕಣ್ಣ ಮುಂದೆ ಇತ್ತು.

"ಸಾಕ್ಷಿ ಬೇಕಲ್ಲಮ್ಮ," ಎಂದರು ಅಧಿಕಾರಿಣಿ, ಮೆಲ್ಲಗೆ. "ನನಗೆ ಅನುಮಾನ ಇದೆ. ಆದ್ರೆ ಅನುಮಾನದ ಮೇಲೆ ಆದೇಶ ಬರೆಯೋಕಾಗಲ್ಲ."

ಸೊಸೆ ತೊಪ್ಪನೆ ಕುರ್ಚಿಯಲ್ಲಿ ಕುಸಿದಳು. ಬೀಳದಂತೆ ಎರಡೂ ಕೈಗಳಿಂದ ಆಸನದ ಅಂಚನ್ನು ಹಿಡಿದಳು. ಬಲಗೈಯ ಬೆರಳು ಆಸನದ ಅಡಿಯಲ್ಲಿ ಏನನ್ನೋ ಮುಟ್ಟಿತು.

ದಾರ.

ಅವಳ ಬೆರಳು ದಾರದ ಮೇಲೆ ಹರಿಯಿತು. ಒಂದು ಸುತ್ತು. ಎರಡು ಸುತ್ತು. ಒಂದು ಕುಣಿಕೆ.

ಸೊಸೆ ಎದ್ದಳು. ಯಾರಿಗೂ ಏನೂ ಹೇಳದೆ ಕುರ್ಚಿಯನ್ನು ಎತ್ತಿ, ತಲೆಕೆಳಗು ಮಾಡಿ, ಮೇಜಿನ ಮೇಲೆ ಇಟ್ಟಳು. ಹಿಂಗಾಲು ಆಸನಕ್ಕೆ ಸೇರುವಲ್ಲಿ ಕಟ್ಟಿದ್ದ ಹಸಿರು ಚೀಟಿಯೊಂದು ಫ್ಯಾನಿನ ಗಾಳಿಗೆ ಪಟಪಟನೆ ಹಾರಾಡಿತು.

ಅಧಿಕಾರಿಣಿ ಕನ್ನಡಕ ಏರಿಸಿಕೊಂಡು ಓದಿದರು. "ಪಾಸ್. ತನಿಖೆ ಸಂಖ್ಯೆ ಒಂದು. ತಾರೀಖು..." ಅವರು ತಲೆಯೆತ್ತಿದರು. "ಇವತ್ತಿನದು."

ಮೊದಲ ಬಾರಿಗೆ ಬೆಣ್ಣೆಯ ಹಣೆಯಲ್ಲಿ ಹನಿಯೊಡೆಯಿತು. ಹೆಸರು ಅಳಿಸಿದ್ದರು, ಟವೆಲ್ ಹೊದಿಸಿದ್ದರು, ನೆಲಕ್ಕೆ ಗೆರೆ ಎಳೆಸಿದ್ದರು. ಕುರ್ಚಿಯ ಅಡಿಗೆ ಬಗ್ಗಿ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಆದರೆ ಅವರ ನಾಲಿಗೆ ಇನ್ನೂ ಜಾರುತ್ತಿತ್ತು.

"ಅಯ್ಯೋ, ಇಷ್ಟೇನಾ! ಅಮ್ಮಂಗೆ ವಯಸ್ಸಾಯ್ತು ಮೇಡಂ. ಹಳೇ ಕುರ್ಚಿಗೆ ಎಂದೋ ಕಟ್ಟಿದ ಚೀಟಿ. ಮುದ್ರೆಯ ತಾರೀಖು ತಪ್ಪಾಗಿ ತಿರುಗಿಸಿಬಿಟ್ಟಿದಾರೆ. ಅಲ್ವಾ ಅಮ್ಮಾ? ತಪ್ಪಾಯ್ತು ಅನ್ನಿ, ಮುಗೀತು."

ಎಲ್ಲರ ಕಣ್ಣು ಮೊದಲ ಮೇಜಿನ ಮೇಲೆ ನಿಂತಿತು. ಅತ್ತೆ 'ಹೌದು' ಎಂದರೆ ಸಾಕಿತ್ತು. ಮೂವತ್ತೊಂದು ವರ್ಷದಲ್ಲಿ ಅವರು ಈ ಕಾರ್ಖಾನೆಗೆ 'ಇಲ್ಲ' ಎಂದದ್ದೇ ಇರಲಿಲ್ಲ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಏನಂದ್ರಿ ಸ್ವಾಮಿ? ತಾರೀಖು ತಪ್ಪಾ?"

"ಅಂದ್ರೆ ಅಮ್ಮಾ..."

"ಮೂವತ್ತೊಂದು ವರ್ಷ. ಎಷ್ಟು ಸಾವಿರ ಕೊಡೆ ಈ ಕೈ ದಾಟಿ ಹೋಗಿದೆಯೋ ದೇವರಿಗೇ ಗೊತ್ತು. ಒಂದರ ಮೇಲಾದ್ರೂ ತಪ್ಪು ತಾರೀಖು ತೋರಿಸಿ, ಈಗ್ಲೇ ಮನೆಗೆ ಹೋಗ್ತೀನಿ. ಬಾಯಿ ಮುಚ್ಕೊಂಡಿರು ಅಂದ್ರೆ ಇರ್ತೀನಿ. ಇದ್ದೆ ಕೂಡ. ಆದ್ರೆ ನನ್ನ ಚೀಟಿ ಸುಳ್ಳು ಅಂತ ನನ್ನ ಬಾಯಿಂದಲೇ ಹೇಳಿಸ್ತೀರಾ?" ಅವರು ಅಧಿಕಾರಿಣಿಯತ್ತ ತಿರುಗಿದರು. "ಬರ್ಕೊಳ್ಳಮ್ಮಾ. ಬೆಳಿಗ್ಗೆ ಏಳೂ ಕಾಲಿಗೆ ಟೆಂಪೋ ಬಂತು. ನಲವತ್ತಮೂರು ಕುರ್ಚಿ. ತನಿಖೆ ಆಗದ ಸಾಮಾನು ಈ ಹಾಲ್ ಒಳಗೆ ಇಡೋ ಹಾಗಿಲ್ಲ, ಅದಕ್ಕೆ ನೋಡಿದೆ. ಒಂದೊಂದನ್ನೂ ಒತ್ತಿ ಅಲ್ಲಾಡಿಸಿದೆ. ನಲವತ್ತು ಪಾಸು. ಮೂರರ ಕಾಲು ಲೊಡಲೊಡ. ಕೆಂಪು ಚೀಟಿ ಕಟ್ಟಿ ಆ ಬಾಗಿಲ ಹಿಂದೆ ಇಟ್ಟಿದೀನಿ, ಬೇಕಾದ್ರೆ ನೋಡಿ."

"ಅಯ್ಯೋ ಅಮ್ಮಾ, ನಿಮಗೆ ಯಾರು ಹೇಳಿದ್ರು ಚೀಟಿ ಕಟ್ಟಿ ಅಂತ?" ಬೆಣ್ಣೆಯ ದನಿ ಈಗ ಅಳುವಂತಿತ್ತು.

"ಯಾರು ಹೇಳ್ಬೇಕು? ಕೈ ತಾನಾಗೇ ಕಟ್ಟಿತು."

ಯಾರೋ ಕಿಸಕ್ಕೆಂದರು. ಅದು ರೇಡಿಯೋ. ಅವಳು ಎದ್ದು ತನ್ನ ಕುರ್ಚಿಯನ್ನೂ ತಿರುಗಿಸಿ ಮೇಜಿನ ಮೇಲೆ ಇಟ್ಟಳು. "ನಂದೂ ಪಾಸು ಮೇಡಂ! ಮೊದ್ಲಿಂದ ಅಂದೆ ನೋಡಿ, ಅದು ಇವತ್ತು ಬೆಳಿಗ್ಗೆ ಮೊದ್ಲಿಂದ!" ಪಕ್ಕದವಳು ತನ್ನದನ್ನು ತಿರುಗಿಸಿದಳು, ಅವಳ ಪಕ್ಕದವಳೂ. ನೋಡುನೋಡುತ್ತಿದ್ದಂತೆ ಮೇಜುಗಳ ಮೇಲೆ ನಲವತ್ತು ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ನಿಂತವು, ಒಂದೊಂದರ ಕಾಲಿಗೂ ಒಂದೊಂದು ಹಸಿರು ಚೀಟಿ. ಬಾಗಿಲ ಹಿಂದಿನಿಂದ ಕೆಂಪು ಚೀಟಿಯ ಮೂರನ್ನೂ ಯಾರೋ ಹೊತ್ತು ತಂದರು. ಅಧಿಕಾರಿಣಿಯ ಗಂಭೀರ ಮುಖ ಒಂದು ಕಡೆಯಿಂದ ಸಡಿಲವಾಗುತ್ತ ಬಂದು, ಕೊನೆಗೆ ಅವರು ಫೈಲನ್ನು ಬಾಯಿಗೆ ಅಡ್ಡ ಹಿಡಿಯಬೇಕಾಯಿತು.

ಆದೇಶವನ್ನು ಅವರು ಅಲ್ಲೇ ಬರೆದರು, ಎರಡು ಪುಟ. ಹದಿನೈದು ದಿನದೊಳಗೆ ಕಾರ್ಖಾನೆ ತನ್ನದೇ ಕುರ್ಚಿಗಳನ್ನು ತರತಕ್ಕದ್ದು. ಅಲ್ಲಿಯವರೆಗೆ ಈ ನಲವತ್ತು ಕದಲತಕ್ಕದ್ದಲ್ಲ. ಅರ್ಜಿ ಬರೆದವಳ ಮತ್ತು ಚೀಟಿ ಕಟ್ಟಿದವಳ ಕೆಲಸಕ್ಕೆ ಕುಂದು ಬಂದರೆ ಮುಂದಿನ ಮಾತು ನ್ಯಾಯಾಲಯದಲ್ಲಿ. ಮಳೆಕೋಟುಗಳಿಗೆ ಬೇರೆ ಗೂಟ ಹೊಡೆಸತಕ್ಕದ್ದು. ಬೆಣ್ಣೆ ಸಹಿ ಹಾಕಿದರು.

ಹೊರಡುವಾಗ ಅಧಿಕಾರಿಣಿ ಕೊಡೆಗೆ ಕೈ ಹಾಕಿದರೆ ಅದರ ಕಡ್ಡಿಯಲ್ಲಿ ಕೆಂಪು ಚೀಟಿ ನೇತಾಡುತ್ತಿತ್ತು.

"ತಪ್ಪು ತಿಳ್ಕೋಬೇಡಮ್ಮ," ಎಂದರು ಅತ್ತೆ. "ಬೆಳಗಿಂದ ತಡ್ಕೊಂಡಿದ್ದೆ. ಬಿಟ್ಟು ಹೋಗು, ರಿಪೇರಿ ಮಾಡ್ಸಿ ಇಟ್ಟಿರ್ತೀನಿ. ಹದಿನೈದು ದಿನ ಆದ್ಮೇಲೆ ಕುರ್ಚಿ ನೋಡೋಕೆ ಬರ್ತೀಯಲ್ಲ, ಆಗ ತಗೊಂಡು ಹೋಗು."

ಸಂಜೆ ಐದಕ್ಕೆ ಟೆಂಪೋದವನು ಬಂದ. ಮೂರೇ ಕುರ್ಚಿ ಕೈಗೆ ಬಂದಾಗ ತಲೆ ಕೆರೆದುಕೊಂಡ. "ಮಿಕ್ಕಿದ್ದು?"

"ಮಿಕ್ಕಿದ್ದರಲ್ಲಿ ನಾವು ಕೂತಿದೀವಲ್ಲಪ್ಪ, ಕಾಣ್ಸಲ್ವಾ?" ಎಂದಳು ರೇಡಿಯೋ. ಆಗ ಮತ್ತೆ ಮಾತು ಶುರುಮಾಡಿದವಳು ಬಸ್ ಸ್ಟಾಪಿನವರೆಗೂ ನಿಲ್ಲಿಸಲಿಲ್ಲ.

ಸೊಸೆಯ ಕಷ್ಟ ಮಾತ್ರ ಇನ್ನೂ ಮುಗಿದಿರಲಿಲ್ಲ. ಬಸ್ಸಿನಲ್ಲಿ ಅತ್ತೆ ಮಾತಾಡಲಿಲ್ಲ. ಓಣಿಯಲ್ಲಿ ಮಾತಾಡಲಿಲ್ಲ. ಮನೆ ಬೀಗ ತೆಗೆಯುವಾಗಲೂ ಇಲ್ಲ. ಒಳಗೆ ಬಂದು ನೀರು ಕುಡಿದು, ಲೋಟ ಮಗುಚಿಟ್ಟು, ಒಂದೇ ಮಾತು ಕೇಳಿದರು.

"ಆ ಅರ್ಜಿಯ ಕಾರ್ಬನ್ ಕಾಪಿ ಎಲ್ಲಿ?"

ಸೊಸೆ ಟ್ರಂಕಿನ ತಳದಿಂದ ತೆಗೆದು ಕೊಟ್ಟಳು. ಬಾಗಿಲಲ್ಲಿ ಗಂಡ ಕಾಣಿಸಿಕೊಂಡ. ಇಬ್ಬರ ಮುಖ ನೋಡಿ, ಬಂದ ಕಾಲಲ್ಲೇ ಹಿಂದೆ ಸರಿದ.

ಅತ್ತೆ ಕಿಟಕಿಯ ಬಳಿ ನಿಂತು, ಕಾಗದವನ್ನು ಕೊಡೆಯ ಬಟ್ಟೆಯಂತೆ ಬೆಳಕಿಗೆ ಹಿಡಿದು ಓದತೊಡಗಿದರು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. ಒಂದು ಕಡೆ ಹುಬ್ಬು ಗಂಟಿಕ್ಕಿತು.

"ಏನೇ ಇದು? 'ಹಿರಿಯ ಕೆಲಸಗಾರ್ತಿಯೊಬ್ಬರ ಎಡ ಮೊಣಕಾಲು ಊದಿಕೊಂಡಿದೆ.' ಇದು ನನ್ನ ಬಗ್ಗೆನಾ?"

"ಅತ್ತೆ, ತಪ್ಪಾಯ್ತು. ಬಾಗಿಲ ಸಂದಿಯಲ್ಲಿ ನೋಡಿದೆ. ನಿಮಗೆ ಹೇಳಿದ್ರೆ ಬೇಡ ಅಂತಿದ್ರಿ..."

"ಅಂತಿದ್ದೆ. ಖಂಡಿತ ಅಂತಿದ್ದೆ." ಅತ್ತೆ ಕಿಟಕಿಕಟ್ಟೆಯ ಮೇಲಿದ್ದ ಪೆನ್ನು ತೆಗೆದುಕೊಂಡರು. "ಆದ್ರೂ ಬರೆಯೋದು ಬರೆದ ಮೇಲೆ ಸರಿಯಾಗಿ ನೋಡಿ ಬರೀಬೇಕೋ ಬೇಡವೋ? ಎಡ ಮೊಣಕಾಲಂತೆ!"

'ಎಡ' ಎಂಬ ಪದವನ್ನು ಹೊಡೆದು, ಅದರ ಮೇಲೆ ದಪ್ಪಕ್ಷರದಲ್ಲಿ 'ಎರಡೂ' ಎಂದು ತಿದ್ದಿದರು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಹಸಿರು ಚೀಟಿ ತೆಗೆದರು. ಅದರ ಮೇಲೆ ಅವತ್ತಿನ ತಾರೀಖು ಒತ್ತಿತ್ತು. ಕಾರ್ಖಾನೆಯಲ್ಲೇ ಒತ್ತಿಕೊಂಡು ಬಂದಿದ್ದರು.

ಸೊಸೆ ಅರ್ಜಿಯನ್ನು ಚಾಚಿ ಹಿಡಿದಳು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, ಸೊಸೆಯ ಮುಂಗೈ ಹಿಡಿದುಕೊಂಡರು. ಎರಡು ಸುತ್ತು, ಒಂದು ಕುಣಿಕೆ.

"ನಾಲ್ಕು ವರ್ಷ ಬೇಕಾಯ್ತಾ ಅತ್ತೆ?" ಸೊಸೆಗೆ ನಗು, ಅಳು ಒಟ್ಟಿಗೇ ಬಂದವು.

"ಒಳ್ಳೇ ತನಿಖೆಗೆ ಹೊತ್ತು ಹಿಡಿಯುತ್ತೆ ಕಣೇ," ಎಂದ ಅತ್ತೆ, ಮಗ ಒಳಗೆ ಬರುವಷ್ಟರಲ್ಲಿ, ಯಾರೂ ಹೇಳದಿದ್ದರೂ, ಮನೆಯ ಒಂದೇ ಒಂದು ಕುರ್ಚಿಯನ್ನು ಎಳೆದುಕೊಂಡು ಕುಳಿತರು. "ಬಿಸಿನೀರು ಕಾಯಿಸು ಹೋಗು. ಇವತ್ತು ಬಾಗಿಲು ತೆಗೆದೇ ಇಡ್ತೀನಿ. ಹಾಡಿ ಹಾಡಿ ಗಂಟಲು ಬೇರೆ ನೋವು ಬಂದಿದೆ."